ಪ್ಲಾಸ್ಮಾ ಇಡಲು ಮೈನಸ್ 20, ಮೈನಸ್ 80, ಇಲ್ಲವೇ ಡ್ರೈ ಐಸ್ ಪೆಟ್ಟಿಗೆ?

ಕಾಸರಗೋಡಿನ ನಮ್ಮ ಆಸ್ಪತ್ರೆಯಲ್ಲಿ ಔಷಧ ಪ್ರಯೋಗದ ರಕ್ತದ ಕೆಲಸ ನನ್ನದು. ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥ) ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ಪ್ಲಾಸ್ಮಾವನ್ನು ಎರಡು ವಯಲಿಗೆ, ಅಂದರೆ ಪುಟ್ಟ ಸೀಸೆಗೆ, ಹಂಚುತ್ತೇವೆ. ಬೆಂಗಳೂರಿನ ಲ್ಯಾಬಿಗೆ ಹೋಗುವವರೆಗೆ ಅದನ್ನು ಕೆಡದಂತೆ ಕಾಪಾಡುವುದೇ ದೊಡ್ಡ ಕೆಲಸ. ಮೂರು ದಾರಿಯನ್ನೂ ನೋಡಿಯಾಯಿತು.

ಮೊದಲು ಮೈನಸ್ 20 ಡಿಗ್ರಿಯ ಪೆಟ್ಟಿಗೆ ಫ್ರೀಜರ್, ಅಂದರೆ ಅಂಗಡಿಯ ಐಸ್‌ಕ್ರೀಂ ಪೆಟ್ಟಿಗೆಯ ಅಣ್ಣ. ಕರೆಂಟ್ ಕಡಿಮೆ ತಿನ್ನುತ್ತದೆ, ಮುಚ್ಚಳ ಮೇಲಿರುವುದರಿಂದ ತೆರೆದರೂ ಚಳಿ ಒಳಗೇ ಉಳಿಯುತ್ತದೆ. ಮನೆಯ ಫ್ರಾಸ್ಟ್‌ಫ್ರೀ ಫ್ರಿಜ್ ಮಾತ್ರ ಬೇಡವೇ ಬೇಡ, ಮಂಜು ಕರಗಿಸಲು ಅದು ತಾನೇ ಆಗಾಗ ಬಿಸಿಯಾಗುತ್ತದೆ. ನಮಗೆ ಕೈಕೊಟ್ಟದ್ದು ಫ್ರೀಜರಲ್ಲ, ತಾಪಮಾನ ಬರೆಯುವ ರಿಜಿಸ್ಟರ್. ಎರಡು ವಾರ ಎಲ್ಲಾ ಸಾಲಿನಲ್ಲೂ ಒಂದೇ ಪೆನ್ನಿನಲ್ಲಿ −20, −20, −20. ಆಡಿಟರ್ ಪುಟ ತಿರುಗಿಸಿ, 'ಈ ಫ್ರೀಜರ್ ಉಸಿರಾಡುವುದಿಲ್ಲವೇ?' ಎಂದರು. ನಿಜಕ್ಕೂ ನೋಡಿ ಬರೆದಿದ್ದರೆ ಅಂಕಿ ಸ್ವಲ್ಪವಾದರೂ ಏರಿಳಿಯಬೇಕಿತ್ತು. ನಾವು ತಲೆ ತಗ್ಗಿಸಿದೆವು.

ಆಮೇಲೆ ಬಂದದ್ದು ನಿಲ್ಲಿಸುವ ಮಾದರಿಯ ಮೈನಸ್ 80. ಬಾಗಿಲು ತೆರೆದರೆ ಚಳಿ ಕಾಲ ಮೇಲೆ ಸುರಿಯುತ್ತದೆ, ಕೋಣೆ ಬಿಸಿಯಾಗುತ್ತದೆ, ಸದ್ದೂ ಜಾಸ್ತಿ. ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು) ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು, ಜನರೇಟರ್ ಹಿಡಿಯಲಿಲ್ಲ. ಬೆಳಿಗ್ಗೆ ಪರದೆಯಲ್ಲಿ −54. ಕಾವಲಿನ ಅಣ್ಣ, 'ಸಿಸ್ಟರೇ, ಐಸು ಹಾಗೇ ಉಂಟಲ್ಲ' ಎಂದ. ಐಸು ಉಂಟು ನಿಜ, ಆದರೆ ಪ್ಲಾಸ್ಮಾದಲ್ಲಿನ ಮದ್ದು ಕೆಟ್ಟಿಲ್ಲವೆಂಬ ದಾಖಲೆ ಬೇಕಲ್ಲ! ಪುಣ್ಯಕ್ಕೆ ಆ ಮದ್ದು ಸಣ್ಣ ಅಣುವಿನ ರಾಸಾಯನಿಕ, ಮೈನಸ್ 20ರಲ್ಲಿ ಕೆಡುವುದಿಲ್ಲ ಎಂದು ಲ್ಯಾಬ್ ಮೊದಲೇ ಪರೀಕ್ಷಿಸಿತ್ತು. ರಕ್ತದ ಮಾದರಿಯಲ್ಲಿ ಮದ್ದು ಅಳೆಯುವುದಕ್ಕೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ, 2022ರ ಐಸಿಎಚ್ ಎಂ10ರ ಪ್ರಕಾರ ಅಂಥ ಮದ್ದಿಗೆ ಆ ಫಲಿತಾಂಶ ಅದಕ್ಕಿಂತ ಕಡಿಮೆ ತಾಪಮಾನಕ್ಕೂ ಸಲ್ಲುತ್ತದೆ. ವ್ಯತ್ಯಯದ ಟಿಪ್ಪಣಿ ಬರೆದು ಪಾರಾದೆವು. ಪ್ರೋಟೀನ್ ಮದ್ದಾಗಿದ್ದರೆ ಅಷ್ಟು ಸುಲಭವಿರಲಿಲ್ಲ.

ಇನ್ನೊಂದು ಗುಂಡಿ ಇದೆ, ನಾನೇ ಬಿದ್ದದ್ದು. ಪ್ರಯೋಗದ ನಿಯಮಪತ್ರವಾದ ಪ್ರೋಟೋಕಾಲಿನಲ್ಲಿ 'ಮೈನಸ್ 70, ಹೆಚ್ಚುಕಡಿಮೆ 10' ಎಂದಿತ್ತು, ಅಂದರೆ −60ರಿಂದ −80ರವರೆಗೆ. ಫ್ರೀಜರನ್ನು −80ಕ್ಕೇ ಇಟ್ಟಿದ್ದೆ. ಅದು −82 ತೋರಿಸಿದ ಗಳಿಗೆಯಲ್ಲಿ ಪ್ಲಾಸ್ಮಾಕ್ಕೇನೂ ಆಗದು, ಕಾಗದದಲ್ಲಿ ಮಾತ್ರ ತಪ್ಪು. ಈಗ −70ಕ್ಕೇ ಇಡುತ್ತೇನೆ, ಕರೆಂಟ್ ಬಿಲ್ಲಿಗೂ ಒಳ್ಳೆಯದು.

ಮೂರನೆಯದು ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್: ಇಲ್ಲಿ ಏನೂ ಕೂಡಿಡದೆ ಅಂದಂದೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಗಳೂರಿಗೆ, ಅಲ್ಲಿಂದ ಬೆಂಗಳೂರಿಗೆ. ಡ್ರೈ ಐಸ್ −78.5 ಡಿಗ್ರಿ, ಕರೆಂಟಿನ ಹಂಗಿಲ್ಲ. ಆದರೆ ಆವಿಯಾಗುತ್ತಲೇ ಇರುತ್ತದೆ. ಹೆದ್ದಾರಿ 66ರಲ್ಲಿ ಲಾರಿ ಅಡ್ಡ ನಿಂತ ದಿನ ತಲಪಾಡಿಯಲ್ಲಿ ಪೆಟ್ಟಿಗೆ ಎತ್ತಿ ತೂಕ ಅಂದಾಜು ಮಾಡಿದ್ದೇನೆ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಅಂಟಿಸಿದರೆ ಅನಿಲ ತುಂಬಿ ಸಿಡಿದೀತು. ವಯಲ್ ಮುಚ್ಚಳ ಸಡಿಲವಿದ್ದರೆ ಅದೇ ಅನಿಲ ಒಳಹೊಕ್ಕು ಪ್ಲಾಸ್ಮಾ ಹುಳಿಯಾಗುತ್ತದೆ. ದಿನಕ್ಕೊಬ್ಬ ರೋಗಿಗೆ ಇದು ಭಾರೀ ದುಬಾರಿ.

ನನ್ನ ಆಯ್ಕೆ ಮೈನಸ್ 80ರ ಯಂತ್ರವೇ, ಆದರೆ ತಾಪಮಾನವನ್ನು ತಾನೇ ದಾಖಲಿಸಿ ಫೋನಿಗೆ ಅಲಾರಂ ಕೊಡುವ ಲಾಗರ್ ಸಮೇತ. ಅದರ ಬ್ಯಾಟರಿ ಬೇರೆಯೇ ಇರಬೇಕು. ಎರಡು ವಯಲ್‌ಗಳನ್ನು ಎರಡು ಬೇರೆ ಫ್ರೀಜರಿನಲ್ಲಿ ಇಡುತ್ತೇನೆ. ಥರ್ಮೋಕೋಲ್ ಪೆಟ್ಟಿಗೆಯನ್ನೂ ಬಿಸಾಡಿಲ್ಲ, ಆಟಿ ಮುಗಿಯುವವರೆಗೆ ಅದು ಫ್ರೀಜರಿನ ಪಕ್ಕದಲ್ಲೇ ಇರುತ್ತದೆ.