ಚಿಕ್ಕಮ್ಮನ ಮನೆ, ಪಿಜಿ, ಬಾಡಿಗೆ ಮನೆ: ತುಮಕೂರಿನಲ್ಲಿ ಹೊಸ ಕೆಲಸಕ್ಕೆ ಯಾವುದು ಹೊಂದುತ್ತದೆ?

ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತೆಂದರೆ, ಎಲ್ಲಿ ಉಳಿದುಕೊಳ್ಳುವುದು ಎಂಬ ಪ್ರಶ್ನೆ ನೇಮಕಾತಿ ಪತ್ರದ ಬೆನ್ನಿಗೇ ಬರುತ್ತದೆ. ಕಾರ್ಖಾನೆಗಳಿರುವುದು ತುಮಕೂರು ಪೇಟೆಯಿಂದ ಶಿರಾ ದಿಕ್ಕಿಗೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ ಕಡೆಗೆ. ಸುತ್ತಮುತ್ತ ಕೋರಾ ಹೋಬಳಿಯ ಹಳ್ಳಿಗಳು. 2014ರಲ್ಲಿ ಇಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ನಾನು ಸೇರಿದ್ದೂ ಆಹಾರ ಸಂಸ್ಕರಣೆಯ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯಕ್ಕೆ. ಜೊತೆಯಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ತುಮಕೂರಿನಲ್ಲಿದ್ದು ಕಂಪನಿಯ ಬಸ್ಸಿನಲ್ಲಿ ಓಡಾಡುತ್ತಾರೆ, ಕೆಲವರು ಬೆಂಗಳೂರಿನಿಂದಲೇ ಬಂದು ಹೋಗುತ್ತಾರೆ.

ನನ್ನ ಊರು ಚಳ್ಳಕೆರೆ. ತುಮಕೂರಿನಲ್ಲಿ ನೆಂಟರಿಲ್ಲ, ಬೆಂಗಳೂರಿನ ದಾಸರಹಳ್ಳಿಯಲ್ಲಿ ಚಿಕ್ಕಮ್ಮ ಇದ್ದಾರೆ. ತರಬೇತಿಯ ಅವಧಿಯಲ್ಲಿ ಅವರ ಮನೆಯಿಂದ ಓಡಾಡಿದೆ, ಪಾಳಿ ಶುರುವಾದ ಮೇಲೆ ತುಮಕೂರಿನ ಬಟವಾಡಿ ಹತ್ತಿರದ ಪಿಜಿಗೆ ಸೇರಿದೆ, ಈಗ ಸಹೋದ್ಯೋಗಿಯೊಬ್ಬಳ ಜೊತೆ ಶಿರಾಗೇಟ್ ಕಡೆ ಬಾಡಿಗೆ ಮನೆಯಲ್ಲಿದ್ದೇನೆ. ಮೂರನ್ನೂ ಬಳಸಿ ನೋಡಿದವಳಾಗಿ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಪಾಳಿಯ ಕೆಲಸವಾದರೆ, ಇಬ್ಬರು ಸೇರಿ ಅಡುಗೆಮನೆ ಇರುವ ಸಣ್ಣ ಮನೆ ಹಿಡಿಯುವುದೇ ಸರಿ. ಹೊಸ ಕೆಲಸದ ಮೊದಲ ವರ್ಷ ದೇಹ ತಡೆದುಕೊಳ್ಳುವುದು ನಿದ್ದೆ ಮತ್ತು ಊಟದ ಬಲದ ಮೇಲೆ. ಆದ್ದರಿಂದ ನಾನು ಮೂರನ್ನೂ ಅಳೆದದ್ದು ಈ ಎರಡರಿಂದಲೇ.

ಹಣದ ಲೆಕ್ಕ ಮಾತ್ರ ನೋಡಿದರೆ ಚಿಕ್ಕಮ್ಮನ ಮನೆಗೆ ಸಾಟಿಯಿಲ್ಲ. ಬಾಡಿಗೆ ಇಲ್ಲ, ಊಟದ ಚಿಂತೆ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡೂ ಇಲ್ಲ. ರಾಜಹಂಸ, ಐರಾವತ ಹತ್ತಿದರೆ ಮಾತ್ರ ಕೊಡಬೇಕು. ಬೆಂಗಳೂರಿನಿಂದ ತುಮಕೂರು ಸುಮಾರು 70 ಕಿಲೋಮೀಟರ್. ದಾರಿ ಚೆನ್ನಾಗಿದೆ, ಬಸ್ಸುಗಳಿಗೆ ಬರವಿಲ್ಲ. ದಾಸರಹಳ್ಳಿಯಿಂದ ಎಂಟನೇ ಮೈಲಿ ಜಂಕ್ಷನ್ ದಾಟುವುದೇ ದೊಡ್ಡ ಕಷ್ಟ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಬಂದ ಮೇಲೆ ಆ ಕಷ್ಟ ಅರ್ಧ ಕಡಿಮೆಯಾಗಿದೆ: ಮಾದಾವರದವರೆಗೆ ಮೆಟ್ರೊ, ಅಲ್ಲಿಂದ ತುಮಕೂರು ಬಸ್ಸು, ಕ್ಯಾತ್ಸಂದ್ರದಲ್ಲಿ ಇಳಿದು ಕಂಪನಿ ಬಸ್ಸು. ಈಗಲೂ ಬೆಂಗಳೂರಿನಿಂದ ಬರುವ ಗೆಳತಿಯರಿಗೆ ನಾನು ಹೇಳುವ ದಾರಿ ಇದೇ.

ಆದರೂ ಬೆಳಗ್ಗೆ ಆರೂಕಾಲಕ್ಕೆ ಮನೆ ಬಿಟ್ಟರೆ ಮತ್ತೆ ಹೊಸ್ತಿಲು ತುಳಿಯುವುದು ರಾತ್ರಿ ಎಂಟರ ಮೇಲೆ. ಅದೂ ಜನರಲ್ ಶಿಫ್ಟ್ ಇದ್ದಾಗ. ಬೆಳಗಿನ ಆರರ ಪಾಳಿಗೆ ದಾಸರಹಳ್ಳಿಯಿಂದ ಬರುವುದಕ್ಕೆ ದಾರಿಯೇ ಇಲ್ಲ. ತಟ್ಟೆಯ ಮುಂದೆ ಕೂತೇ ತೂಕಡಿಸುತ್ತಿದ್ದ ನನ್ನನ್ನು ನೋಡಿ ಚಿಕ್ಕಮ್ಮ, "ಈ ಓಡಾಟದಲ್ಲಿ ನೀನು ಕೆಲಸ ಕಲಿಯುವುದು ಯಾವಾಗ ಕಣೇ? ಅಲ್ಲೇ ಎಲ್ಲಾದರೂ ಇದ್ದುಬಿಡು" ಎಂದಿದ್ದರು. ಪ್ರಯೋಗಾಲಯದಲ್ಲಿ ತೇವಾಂಶದ ಪರೀಕ್ಷೆ, ಆಮ್ಲೀಯತೆಯ ಪರೀಕ್ಷೆ, ದಾಖಲೆ ಬರೆಯುವ ಕ್ರಮ ಎಲ್ಲವೂ ಹೊಸದು. ಸಂಜೆ ಮನೆಯಲ್ಲಿ ಕೂತು ಒಮ್ಮೆ ತಿರುವಿ ಹಾಕಿಕೊಳ್ಳಲು ಒಂದು ಗಂಟೆಯಾದರೂ ಬೇಕು. ಬಸ್ಸಿನಲ್ಲಿ ಕಳೆದುಹೋಗುತ್ತಿದ್ದದ್ದು ಆ ಗಂಟೆ.

ರೈಲಿನ ವಿಷಯ ಬೇಗ ಮುಗಿಸುತ್ತೇನೆ. ಯಶವಂತಪುರ, ಚಿಕ್ಕಬಾಣಾವರ ಕಡೆಯಿಂದ ತುಮಕೂರಿಗೆ ರೈಲಿನಲ್ಲಿ ಓಡಾಡುವವರದ್ದೇ ಒಂದು ಬಳಗವಿದೆ. ತಿಂಗಳ ಪಾಸು ಬಹಳ ಅಗ್ಗ. ನಗರದೊಳಗೇ ಕೆಲಸ ಇರುವ ಶಿಕ್ಷಕರಿಗೆ, ಕಚೇರಿಯವರಿಗೆ, ಕೋರ್ಟಿನವರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕಾರ್ಖಾನೆಗೆ ಹೋಗುವವರಿಗೆ ನಿಲ್ದಾಣದಿಂದ ಕಂಪನಿ ಬಸ್ಸು ಹಿಡಿಯುವ ಜಾಗಕ್ಕೆ ಮತ್ತೆ ಆಟೊ ಬೇಕು, ರೈಲು ಸ್ವಲ್ಪ ತಡವಾದರೂ ಬಸ್ಸು ಹೊರಟುಹೋಗಿರುತ್ತದೆ.

ಇನ್ನು ಪಿಜಿ. ಬಿ.ಎಚ್. ರಸ್ತೆಯ ಉದ್ದಕ್ಕೂ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆಯ ಆಸುಪಾಸಿನಲ್ಲಿ, ಸಿದ್ದಗಂಗಾ ತಾಂತ್ರಿಕ ಕಾಲೇಜು ಇರುವುದರಿಂದ ಪಿಜಿಗಳಿಗೆ ಕೊರತೆಯಿಲ್ಲ. ಬಟ್ಟೆಯ ಚೀಲ ಹಿಡಿದು ಬೆಳಗ್ಗೆ ಹೋದರೆ ಸಂಜೆಗೆ ಮಂಚ ಸಿಗುತ್ತದೆ. ಮುಂಗಡ ಒಂದು ತಿಂಗಳಿನದು ಸಾಕು, ಪಾತ್ರೆ ಬೇಡ, ಗ್ಯಾಸ್ ಬೇಡ, ಆಧಾರ್ ಪ್ರತಿ ಕೊಟ್ಟರೆ ಮುಗಿಯಿತು. ಮೂವರ ಕೋಣೆಗೆ ಊಟ ಸೇರಿ ತಿಂಗಳಿಗೆ 6,000 ರೂಪಾಯಿ ಕೊಡುತ್ತಿದ್ದೆ. ಹೊಸ ಊರಿನಲ್ಲಿ ಮೊದಲ ದಿನವೇ ತಲೆಯ ಮೇಲೊಂದು ಸೂರು, ಪಕ್ಕದ ಮಂಚದಲ್ಲಿ ಮಾತಿಗೊಬ್ಬಳು. ಇದು ಸಣ್ಣ ಉಪಕಾರವಲ್ಲ. ಜ್ವರ ಬಂದಾಗ ನನಗೆ ಗಂಜಿ ಕಾಯಿಸಿ ತಂದುಕೊಟ್ಟವಳು ಕೊರಟಗೆರೆಯ ಹುಡುಗಿ, ಅದಕ್ಕೆ ಮೊದಲು ನಮ್ಮಿಬ್ಬರಿಗೆ ಸರಿಯಾದ ಪರಿಚಯವೂ ಇರಲಿಲ್ಲ. ಸೋಲಾರ್ ಬಿಸಿನೀರಿನ ವಿಷಯದಲ್ಲಿ ಪಾಳಿಯವರಿಗೆ ಲಾಭವೂ ಇದೆ. ನಾಲ್ಕೂವರೆಗೆ ಏಳುವವಳಿಗೆ ತೊಟ್ಟಿಯ ನೀರೆಲ್ಲ ಬೆಚ್ಚಗೇ ಸಿಗುತ್ತದೆ, ಎಂಟಕ್ಕೆ ಏಳುವ ಕಾಲೇಜು ಹುಡುಗಿಯರಿಗೆ ತಣ್ಣೀರು.

ತೊಡಕು ಇರುವುದು ಗಡಿಯಾರದಲ್ಲಿ. ಪಿಜಿಯ ದಿನಚರಿ ಕಾಲೇಜಿಗೆ ಹೋಗುವವರಿಗಾಗಿ ಕಟ್ಟಿದ್ದು. ತಿಂಡಿ ಏಳೂವರೆಗೆ, ರಾತ್ರಿಯೂಟ ಎಂಟಕ್ಕೆ, ಗೇಟು ಒಂಬತ್ತೂವರೆಗೆ. ಮೊದಲ ಪಾಳಿಯ ಬಸ್ಸು ಬೆಳಗ್ಗೆ ಐದೂಕಾಲಕ್ಕೇ ಬಟವಾಡಿಗೆ ಬರುತ್ತದೆ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ. ಹಿಂದಿನ ರಾತ್ರಿಯ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ಡಬ್ಬಿಗೆ ತುಂಬಿಕೊಂಡು ಹೋಗುವುದು, ಇಲ್ಲವೇ ಬ್ರೆಡ್ಡು. ಎರಡನೇ ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬಂದರೆ ಮುಚ್ಚಿಟ್ಟ ತಟ್ಟೆಯಲ್ಲಿ ಗಟ್ಟಿಯಾದ ಚಪಾತಿ, ಆರಿದ ಸಾರು. ಗೇಟಿನ ಅಣ್ಣನಿಗೆ ಮೊದಲೇ ಫೋನು ಮಾಡಿರಬೇಕು. ಅವರು ಒಳ್ಳೆಯವರು, ಗೊಣಗದೆ ಎದ್ದು ಬಾಗಿಲು ತೆಗೆಯುತ್ತಿದ್ದರು. ಆದರೆ ದಿನವೂ ಒಬ್ಬರ ನಿದ್ದೆ ಕೆಡಿಸಿ ಒಳಗೆ ಹೋಗುವುದು ಮನಸ್ಸಿಗೆ ಹಿಂಸೆ. ಮರುದಿನ ಬೆಳಗ್ಗೆ ತಡವಾಗಿ ಏಳೋಣವೆಂದರೆ ಆರು ಗಂಟೆಗೇ ಪಕ್ಕದ ಮಂಚದ ಅಲಾರಾಂ, ಬಕೆಟ್ಟುಗಳ ಸದ್ದು, ಕನ್ನಡಿಯ ಮುಂದೆ ಗಲಾಟೆ. ಅವರನ್ನು ದೂರುವಂತಿಲ್ಲ, ಅವರಿಗೂ ತರಗತಿ ಇರುತ್ತದೆ.

ಹಗಲು ಹೊತ್ತಿನ ಹೊಟ್ಟೆಗೆ ಕಂಪನಿಯ ಕ್ಯಾಂಟೀನ್ ಇದೆ. 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಕಡ್ಡಾಯ ಮಾಡಲು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯೇ ಅವಕಾಶ ಕೊಟ್ಟಿತ್ತು. ಕೆಲಸಕ್ಕೆ ಸೇರುವ ಮುನ್ನ ಕ್ಯಾಂಟೀನಿನಲ್ಲಿ ತಿಂಡಿಯೂ ಇದೆಯೇ, ಊಟ ಮಾತ್ರವೇ ಎಂದು ಕೇಳಿಕೊಳ್ಳಿ. ನಮ್ಮಲ್ಲಿ ತಿಂಡಿ ಎಂಟೂವರೆಗೆ, ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಪ್ರಯೋಗಾಲಯದಲ್ಲಿ ನಿಂತಿರಲು ಆಗುವುದಿಲ್ಲ. ಭಾನುವಾರ ರಾತ್ರಿ ಪಿಜಿಯಲ್ಲಿ ಅಡುಗೆ ಇರುತ್ತಿರಲಿಲ್ಲ. ಆಗ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೋಗುತ್ತಿದ್ದೆವು. ಕೆನೆಯಂತೆ ಮೆತ್ತಗಿನ ಆ ಇಡ್ಲಿ, ಮೇಲೊಂದು ಬೆಣ್ಣೆಯ ಮುದ್ದೆ, ಪಕ್ಕದಲ್ಲಿ ಚಟ್ನಿ. ಪಿಜಿ ದಿನಗಳಲ್ಲಿ ಊಟವೆಂದು ನೆನಪಿನಲ್ಲಿ ಉಳಿದದ್ದು ಅದೇ.

ಬಾಡಿಗೆ ಮನೆ ಹುಡುಕುವುದು ಮೂರರಲ್ಲಿ ಅತಿ ಕಠಿಣ, ಇದನ್ನು ಮುಚ್ಚಿಡುವುದಿಲ್ಲ. ಮದುವೆಯಾಗದ ಇಬ್ಬರು ಹುಡುಗಿಯರು, ರಾತ್ರಿ ಹನ್ನೊಂದಕ್ಕೆ ಬರುವವರು ಎಂದ ಕೂಡಲೇ ಅರ್ಧ ಬಾಗಿಲುಗಳು ಮುಚ್ಚುತ್ತವೆ. "ಯಾವ ಊರಮ್ಮ?" ಎಂಬ ಪ್ರಶ್ನೆಯ ಹಿಂದೆಯೇ "ಯಾವ ಜನ?" ಎಂದು ಬರುತ್ತದೆ. ಬೆವರು ಸುರಿಸಿ ದುಡಿದು ಬಾಡಿಗೆ ಕಟ್ಟುವವರನ್ನು ಹೀಗೆ ಕೇಳುವುದು ತಪ್ಪು. ನಾವು ಅಂಥ ಮನೆಗಳಿಂದ ಮಾತು ಬೆಳೆಸದೆ ಹೊರಟು ಬಂದೆವು. ಕೊನೆಗೆ ಸಿಕ್ಕ ಮನೆಯ ಮಾಲೀಕರು ಕೇಳಿದ್ದು ಬೇರೆ: "ಕಂಪನಿ ಬಸ್ಸು ಎಲ್ಲಿ ಬಿಡುತ್ತದೆ? ಅಲ್ಲಿಂದ ಮನೆತನಕ ಬೀದಿದೀಪ ಇದೆಯಾ, ನೋಡಿಕೊಂಡ್ರಾ?" ಆ ಒಂದು ಮಾತಿನಿಂದಲೇ ಇಲ್ಲಿ ಇರಬಹುದು ಅನ್ನಿಸಿತು. ಬಾಡಿಗೆ 7,000, ಇಬ್ಬರಿಗೂ ಅರ್ಧರ್ಧ. ಮುಂಗಡ 50,000 ಕೇಳಿದರು, ಎರಡು ಕಂತಿನಲ್ಲಿ ಕೊಟ್ಟೆವು. ಕರಾರು 11 ತಿಂಗಳಿನದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯದಾದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಎಲ್ಲರೂ 11 ಎನ್ನುತ್ತಾರೆ. ಬಿಡುವಾಗ ಬಣ್ಣದ ಖರ್ಚಿಗೆಂದು ಎಷ್ಟು ಹಿಡಿಯುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿ.

ಮನೆ ನೋಡುವಾಗ ಗೋಡೆಯ ಬಣ್ಣಕ್ಕಿಂತ ಮೊದಲು ನೋಡಬೇಕಾದವು ಮೀಟರು ಮತ್ತು ಸಂಪು. ಮೀಟರು ಆ ಮನೆಗೇ ಪ್ರತ್ಯೇಕವಾಗಿರಬೇಕು. ಗೃಹಜ್ಯೋತಿಯ ಉಚಿತ ವಿದ್ಯುತ್ತು ಬಾಡಿಗೆದಾರರಿಗೂ ಸಿಗುತ್ತದೆ, ಗರಿಷ್ಠ 200 ಯೂನಿಟ್ ಮಿತಿಯೊಳಗೆ. ಆದರೆ ಹಿಂದೆ ಇದ್ದವರ ಆಧಾರ್ ಆ ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿದ್ದರೆ ಮೊದಲು ಅದನ್ನು ತೆಗೆಸಿ, ಆಮೇಲೆ ನಮ್ಮದನ್ನು ಸೇರಿಸಬೇಕು. ಬೀಗದ ಕೈ ತೆಗೆದುಕೊಳ್ಳುವ ಮುನ್ನವೇ ಮಾಲೀಕರಿಗೆ ಇದನ್ನು ಹೇಳಿ. ನೀರಿನ ಮಾತು ಇನ್ನೂ ಮುಖ್ಯ. ತುಮಕೂರಿಗೆ ಹೇಮಾವತಿಯ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಲ್ಲಿಗೆ ಬರುತ್ತದೆ. ನಮ್ಮ ಬೀದಿಗೆ ಅದು ದಿನವೂ ಬರುವುದಿಲ್ಲ. ಬಂದಾಗ ಸಂಪು ತುಂಬಬೇಕು, ಉಳಿದ ದಿನ ಕೊಳವೆಬಾವಿಯ ಗಡಸು ನೀರು. ಆ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಕುಡಿಯಲು ಮತ್ತು ಬೇಳೆ ಬೇಯಿಸಲು ಶುದ್ಧ ನೀರಿನ ಘಟಕದಿಂದ ಐದು ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನು ತುಂಬಿಸಿಕೊಳ್ಳುತ್ತೇವೆ. ಕ್ಯಾನು ಹೊತ್ತು ತರುವ ದೂರವನ್ನೂ ನಡೆದು ನೋಡಿಯೇ ಮನೆ ಒಪ್ಪಿಕೊಳ್ಳಿ.

ಗ್ಯಾಸಿಗೆ ಐದು ಕೆ.ಜಿ.ಯ ಸಣ್ಣ ಸಿಲಿಂಡರ್ ಒಳ್ಳೆಯ ದಾರಿ. ಅದಕ್ಕೆ ವಿಳಾಸದ ದಾಖಲೆ ಕೇಳುವುದಿಲ್ಲ, ಗುರುತಿನ ಚೀಟಿ ಸಾಕು. ಕೆ.ಜಿ. ಲೆಕ್ಕದಲ್ಲಿ ದೊಡ್ಡ ಸಿಲಿಂಡರಿಗಿಂತ ದುಬಾರಿ, ನಿಜ. ಆದರೂ ಹೊಸ ವಿಳಾಸ ಗಟ್ಟಿಯಾಗುವವರೆಗೆ ಅದೇ ಆಧಾರ.

ಇಷ್ಟೆಲ್ಲ ಹೊಂದಿಸಿಕೊಂಡ ಮೇಲೆ ಸಿಕ್ಕಿದ್ದು ಏನೆಂದರೆ, ನನ್ನ ಪಾಳಿಗೆ ತಕ್ಕಂತೆ ನಡೆಯುವ ಅಡುಗೆಮನೆ. ಮೊದಲ ಪಾಳಿಯ ವಾರದಲ್ಲಿ ರಾತ್ರಿಯೇ ಒಗ್ಗರಣೆ ಗೊಜ್ಜು ಮಾಡಿಟ್ಟಿರುತ್ತೇನೆ. ಬೆಳಗ್ಗೆ ನಾಲ್ಕೂವರೆಗೆ ಕುಕ್ಕರ್ ಇಟ್ಟು ಸ್ನಾನಕ್ಕೆ ಹೋದರೆ, ಬರುವಷ್ಟರಲ್ಲಿ ಎರಡು ಕೂಗು ಕೂಗಿ ಅನ್ನ ಆಗಿರುತ್ತದೆ. ತಟ್ಟೆಗೆ ಹರಡಿ, ಆರಿಸಿ, ಗೊಜ್ಜು ಕಲಸಿ, ಮೇಲೆ ಹುರಿದ ಕಡಲೆಬೀಜ ಉದುರಿಸಿ ಡಬ್ಬಿ ಮುಚ್ಚಲು ಹತ್ತು ನಿಮಿಷ. ಎಣ್ಣೆ ಮತ್ತು ಕಡಲೆಬೀಜ ಊರಿನಿಂದಲೇ ಬರುತ್ತವೆ, ಚಳ್ಳಕೆರೆಯವರಿಗೆ ಗಾಣದ ಎಣ್ಣೆಯ ವಿಷಯದಲ್ಲಿ ರಾಜಿ ಇಲ್ಲ. ಎರಡನೇ ಪಾಳಿಯಿದ್ದಾಗ ಹಗಲೇ ಸೊಪ್ಪಿನ ಸಾರು ಮಾಡಿಡುತ್ತೇನೆ, ಹನ್ನೊಂದಕ್ಕೆ ಬಂದು ರಾಗಿ ಮುದ್ದೆ ತೊಳಸಿ ಬಿಸಿಬಿಸಿ ತಿಂದು ಮಲಗುವುದು. ಅವರೆಕಾಯಿಯ ಕಾಲದಲ್ಲಂತೂ ಅಂತರಸನಹಳ್ಳಿ ಮಾರುಕಟ್ಟೆಯಿಂದ ಚೀಲ ತುಂಬಾ ತಂದು ಇಬ್ಬರೂ ಕೂತು ಸುಲಿಯುತ್ತೇವೆ. ಮನೆಯಲ್ಲಿ ಇಬ್ಬರದೂ ಒಂದೇ ಪಾಳಿ, ಆದ್ದರಿಂದ ಒಬ್ಬಳು ಮಲಗಿರುವಾಗ ಇನ್ನೊಬ್ಬಳ ಅಲಾರಾಂ ಹೊಡೆಯುವುದಿಲ್ಲ. ಜೊತೆಗಾತಿಯನ್ನು ಆರಿಸುವಾಗ ಸ್ವಭಾವದ ಜೊತೆಗೆ ಪಾಳಿಯನ್ನೂ ನೋಡಿ ಎಂದು ಒತ್ತಿ ಹೇಳುತ್ತೇನೆ.

ತಿಂಗಳ ಖರ್ಚು ಪಿಜಿಗಿಂತ ಸ್ವಲ್ಪ ಹೆಚ್ಚೇ ಬೀಳುತ್ತದೆ. ಬಾಡಿಗೆಯ ಪಾಲು, ದಿನಸಿ, ಗ್ಯಾಸು, ನೀರು ಸೇರಿದರೆ 6,000 ದಾಟುತ್ತದೆ, ಮೊದಲ ತಿಂಗಳಲ್ಲಿ ಪಾತ್ರೆ, ಚಾಪೆ, ಬಕೆಟ್ಟು, ಮುಂಗಡ ಎಂದು ಕೈ ಬರಿದಾಗುತ್ತದೆ. ಮೊದಲ ಸಂಬಳ ಬರುವ ಮುಂಚೆ ಇದನ್ನು ಹೊರಲು ಎಲ್ಲರಿಗೂ ಆಗದು. ಹಾಗಾಗಿ ಸೇರಿದ ಕೂಡಲೇ ಪಿಜಿಗೆ ಹೋಗಿ, ಎರಡು ಮೂರು ಸಂಬಳ ಕೈಗೆ ಬಂದ ಮೇಲೆ ಮನೆ ಹಿಡಿಯುವ ಕ್ರಮ ನನಗೆ ಸರಿ ಕಾಣುತ್ತದೆ. ಜನರಲ್ ಶಿಫ್ಟ್‌ನವರು ಪಿಜಿಯಲ್ಲೇ ನೆಮ್ಮದಿಯಾಗಿ ಮುಂದುವರಿಯಬಹುದು, ಅವರ ಗಡಿಯಾರಕ್ಕೂ ಪಿಜಿಯ ಗಡಿಯಾರಕ್ಕೂ ಜಗಳವಿಲ್ಲ. ಬೆಂಗಳೂರಿನಲ್ಲಿ ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಬೇಕಾದವರು ಓಡಾಡುತ್ತಲೇ ಇದ್ದಾರೆ. ಅವರ ಗಟ್ಟಿತನದ ಮೇಲೆ ನನಗೆ ಗೌರವವಿದೆ.

ಊರನ್ನು ಊರಾಗಿ ನೋಡಿದ್ದೂ ಇಲ್ಲಿ ಮನೆ ಮಾಡಿದ ಮೇಲೆಯೇ. ರಜೆಯ ದಿನ ದೇವರಾಯನದುರ್ಗ ಹತ್ತಿ ನಾಮದ ಚಿಲುಮೆಗೆ ಇಳಿದು ಬರಬಹುದು, ಸಂಜೆ ಅಮಾನಿಕೆರೆ ಏರಿಯ ಮೇಲೆ ನಡೆಯಬಹುದು, ಗುಬ್ಬಿ ವೀರಣ್ಣನವರ ಹೆಸರಿನ ರಂಗಮಂದಿರದಲ್ಲಿ ನಾಟಕವಿದ್ದರೆ ಹೋಗಬಹುದು. ಚಿಕ್ಕಮ್ಮನ ಮನೆಯಿಂದ ಓಡಾಡುವಾಗ ತುಮಕೂರು ಎಂದರೆ ನನಗೆ ಕ್ಯಾತ್ಸಂದ್ರದ ಬಸ್ ನಿಲ್ದಾಣ ಮಾತ್ರವಾಗಿತ್ತು. ಶಿರಾಗೇಟ್ ಕಡೆ ಇರುವುದರಿಂದ ಹಿರಿಯೂರು ಮಾರ್ಗವಾಗಿ ಊರಿಗೆ ಹೋಗುವ ಬಸ್ಸೂ ಹತ್ತಿರ.

ಮನೆ ಹುಡುಕುವವರಿಗೆ ಕಾಲದ ಬಗ್ಗೆ ಒಂದು ಮಾತು. ಕಾಲೇಜುಗಳು ಶುರುವಾಗುವ ಹೊತ್ತಿಗೆ ಬಿ.ಎಚ್. ರಸ್ತೆಯ ಸುತ್ತ ಕೋಣೆಗಳು ಬೇಗ ತುಂಬುತ್ತವೆ, ಮಾಲೀಕರು ಹೇಳಿದ್ದೇ ಬಾಡಿಗೆ. ಆಷಾಢದಲ್ಲಿ ಹೆಚ್ಚಿನವರು ಮನೆ ಬದಲಿಸುವುದಿಲ್ಲ. ಆಗ ಖಾಲಿ ಬಿದ್ದಿರುವ ಮನೆ ಕಂಡರೆ ಹೋಗಿ ಕೇಳಿ, ಮುಂಗಡದಲ್ಲಿ ಚೌಕಾಸಿಗೆ ಜಾಗವಿರುತ್ತದೆ. ಹಾಲು ಉಕ್ಕಿಸುವುದನ್ನು ಶ್ರಾವಣಕ್ಕೆ ಇಟ್ಟುಕೊಳ್ಳುತ್ತೇವೆ ಎಂದರೆ ಮಾಲೀಕರೂ ಒಪ್ಪುತ್ತಾರೆ. ನಮ್ಮ ಮನೆ ಕುದುರಿದ್ದು ಹಾಗೆಯೇ.