ಗ್ರೇಟ್ ವೈಬ್ಸ್ ಫಾಂಟ್: 7 ವರ್ಷ ಲಗ್ನಪತ್ರಿಕೆ ಮಾಡಿದ ಮೇಲೆ

ನಮ್ಮದು ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆಯೇ ಮುಖ್ಯ ಕೆಲಸ. ಕನ್ನಡ ಒಂದು ಪುಟ, ಇಂಗ್ಲಿಷ್ ಒಂದು ಪುಟ. ಇಂಗ್ಲಿಷ್ ಪುಟದಲ್ಲಿ ಹುಡುಗ ಹುಡುಗಿಯ ಹೆಸರಿಗೆ 7 ವರ್ಷದಿಂದ ಗ್ರೇಟ್ ವೈಬ್ಸ್ ಫಾಂಟನ್ನೇ ಹಾಕುತ್ತಾ ಬಂದಿದ್ದೇನೆ.

ಅದಕ್ಕೂ ಮೊದಲು ಎಲ್ಲರ ಹಾಗೆ ನಾನೂ ಮೊನೊಟೈಪ್ ಕೊರ್ಸಿವಾ ಬಳಸುತ್ತಿದ್ದೆ. ಆಫೀಸ್ ಜೊತೆಗೇ ಬರುತ್ತಿತ್ತು, ಅದಕ್ಕೇ ಊರೆಲ್ಲಾ ಅದೇ. ಅದರಲ್ಲಿ ಅಕ್ಷರ ವಾಲಿರುತ್ತದೆ, ಆದರೆ ಒಂದಕ್ಕೊಂದು ಕೂಡುವುದಿಲ್ಲ. ಗ್ರೇಟ್ ವೈಬ್ಸ್‌ನಲ್ಲಿ ಕೂಡುತ್ತವೆ. ಮೊನೆಯ ನಿಬ್ಬಿನಲ್ಲಿ ಬರೆದ ಹಾಗೆ, ಕೆಳಗೆ ಎಳೆದ ಗೆರೆ ದಪ್ಪ, ಮೇಲಕ್ಕೆ ಹೋಗುವ ಗೆರೆ ಕೂದಲಿನಷ್ಟು ಸಣ್ಣ. ದೊಡ್ಡಕ್ಷರಗಳಿಗೆ ಉದ್ದನೆಯ ಬಳುಕು. ರಾಬರ್ಟ್ ಲ್ಯೂಶ್ಕೆ ಎಂಬ ಅಮೆರಿಕದ ವಿನ್ಯಾಸಕಾರರು ಮಾಡಿದ ಫಾಂಟ್ ಇದು. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ದುಡ್ಡಿನ ಕೆಲಸಕ್ಕೂ ಧೈರ್ಯವಾಗಿ ಬಳಸಬಹುದು. ಕದ್ದ ಫಾಂಟ್ ಇಟ್ಟುಕೊಂಡು ಅಂಗಡಿ ನಡೆಸುವುದು ನನಗೆ ಮನಸ್ಸಿಗೆ ಬರುವುದಿಲ್ಲ.

ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾದ ಮಾತು ಒಂದೇ: ಇದು ಹೆಸರಿಗೆ ಮಾಡಿದ ಫಾಂಟ್. ಎರಡು ಹೆಸರು ಹಾಕಿ, ಅಲ್ಲಿಗೆ ಕೈ ಬಿಡಿ. ಪತ್ರಿಕೆಯ ವಿಷಯ, ಮುಹೂರ್ತ, ಕಲ್ಯಾಣ ಮಂಟಪದ ವಿಳಾಸ ಎಲ್ಲಾ ಇದರಲ್ಲೇ ಬೇಕು ಅನ್ನುವವರು ತುಂಬಾ ಜನ ಬರುತ್ತಾರೆ. ನಾನು ಒಪ್ಪುವುದಿಲ್ಲ. ಇದರ ಸಣ್ಣಕ್ಷರಗಳ ಮೈ ಬಹಳ ಚಿಕ್ಕದು. 14 ಪಾಯಿಂಟ್ ಇಟ್ಟರೂ ಬೇರೆ ಫಾಂಟಿನ 9 ಪಾಯಿಂಟಿನ ಹಾಗೆ ಕಾಣುತ್ತದೆ. ವಯಸ್ಸಾದವರು ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು, ಆಮೇಲೆ ದೂರ ಹಿಡಿದು, ಕೊನೆಗೆ ಮೊಮ್ಮಗನ ಕೈಗೆ ಕೊಡುವುದನ್ನು ನಾನೇ ನೋಡಿದ್ದೇನೆ. ಮದುವೆಗೆ ಬರಬೇಕಾದವರಿಗೆ ಮಂಟಪದ ಹೆಸರೇ ಓದಲು ಬರದಿದ್ದರೆ ಹೇಗೆ ಅಲ್ವಾ?

ಇನ್ನೊಂದು ತೊಂದರೆ ಡಿಗ್ರಿಯದು. ನಮ್ಮ ಕಡೆ ಹೆಸರಿನ ಮುಂದೆ ಬಿ.ಇ., ಎಂ.ಬಿ.ಬಿ.ಎಸ್. ಇರಲೇಬೇಕು. ಈ ಫಾಂಟಿನ ದೊಡ್ಡಕ್ಷರ ಒಂದೊಂದೇ ನಿಂತರೆ ಚೆಂದ. ನಾಲ್ಕು ಒಟ್ಟಿಗೆ ಬಂದರೆ ಬಳುಕುಗಳು ಸಿಕ್ಕು ಹಾಕಿಕೊಂಡು ಏನೂ ಗೊತ್ತಾಗುವುದಿಲ್ಲ. ಡಿಗ್ರಿಯನ್ನು ಕೆಳಗಿನ ಸಾಲಿಗೆ ಇಳಿಸಿ, ಸಾದಾ ಅಕ್ಷರದಲ್ಲಿ ಹಾಕುತ್ತೇನೆ. ಅಪ್ಪಂದಿರು ಮೊದಲು ಬೇಡ ಅನ್ನುತ್ತಾರೆ, ಪ್ರೂಫ್ ನೋಡಿದ ಮೇಲೆ ಒಪ್ಪುತ್ತಾರೆ.

ಬೋಲ್ಡ್ ಇಲ್ಲ. ವರ್ಡ್‌ನಲ್ಲಿ ಬೋಲ್ಡ್ ಬಟನ್ ಒತ್ತಿದರೆ ಸಣ್ಣ ಗೆರೆ ಸುಮ್ನೆ ಊದಿಕೊಳ್ಳುತ್ತದೆ, ಅಂದವೇ ಹೋಗುತ್ತದೆ. ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದರೆ ಕೊಂಡಿ ಕಳಚುತ್ತದೆ. ಇವೆರಡನ್ನೂ ಮುಟ್ಟಬೇಡಿ.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಜಾಸ್ತಿ ಎಚ್ಚರ ಬೇಕು. ಗೋಲ್ಡ್ ಇಂಕ್ ಹಾಕಿ ಎಳೆದಾಗ ಆ ಕೂದಲೆಳೆ ಗೆರೆಗಳು ಅಲ್ಲಲ್ಲಿ ತುಂಡಾಗುತ್ತವೆ. ಕೋರಲ್ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಅದೇ ಬಣ್ಣದ 0.1 ಮಿಲಿಮೀಟರ್ ಔಟ್‌ಲೈನ್ ಕೊಟ್ಟ ಮೇಲೆ ನನಗೆ ಸರಿಹೋಯಿತು. ಮದುವೆ ಕಾರಿನ ಗಾಜಿಗೆ ರೇಡಿಯಂ ಸ್ಟಿಕರ್ ಕಟಿಂಗ್ ಮಾಡುವುದಾದರೆ ವೆಲ್ಡ್ ಮಾಡದೆ, ಅಂದರೆ ಅಕ್ಷರಗಳನ್ನೆಲ್ಲಾ ಬೆಸೆದು ಒಂದೇ ಆಕಾರ ಮಾಡದೆ, ಕಳಿಸಲೇಬೇಡಿ. ಇದರ ಅಕ್ಷರಗಳು ಕೂಡುವ ಕಡೆ ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಸ್ಟಿಕರ್ ಕತ್ತರಿಸುವ ಪ್ಲಾಟರ್ ಯಂತ್ರ ಆ ಜಾಗದಲ್ಲೂ ಕತ್ತರಿಸುತ್ತದೆ. ಅಂಟಿಸುವಾಗ ಅಕ್ಕಿಕಾಳಿನಷ್ಟು ಚೂರುಗಳು ಉದುರುತ್ತವೆ, ಪ್ರತಿ ಕೊಂಡಿಯಲ್ಲೂ ಒಂದು ತೂತು.

ಒಮ್ಮೆ ಅವಸರದಲ್ಲಿ ಕರ್ವ್ ಮಾಡದೆ, ಅಂದರೆ ಅಕ್ಷರವನ್ನು ಫಾಂಟ್ ಬೇಡದ ಬರೀ ಚಿತ್ರದ ಗೆರೆಯಾಗಿ ಬದಲಿಸದೆ, ಬೇರೆ ಊರಿನ ಪ್ರೆಸ್ಸಿಗೆ ಫೈಲ್ ಕಳಿಸಿಬಿಟ್ಟೆ. ಅಲ್ಲಿ ಈ ಫಾಂಟ್ ಇರಲಿಲ್ಲ. ಹೆಸರು ಬೇರೆ ಯಾವುದೋ ಅಕ್ಷರದಲ್ಲಿ ಅಚ್ಚಾಗಿ ಬಂತು. 500 ಪತ್ರಿಕೆ ನನ್ನ ಖರ್ಚಿನಲ್ಲೇ ಮತ್ತೆ ಹೊಡೆಸಿಕೊಟ್ಟೆ. ಅವತ್ತಿನಿಂದ ಕೋರಲ್‌ನಲ್ಲಿ ಕರ್ವ್ ಮಾಡುವ ಕಂಟ್ರೋಲ್ ಕ್ಯೂ ಒತ್ತದೆ ಯಾವ ಫೈಲೂ ಅಂಗಡಿ ದಾಟುವುದಿಲ್ಲ.

ಈ ಫಾಂಟಿನಲ್ಲಿ ಕನ್ನಡ ಇಲ್ಲ. ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶದ ಹಳೇ ಆಸ್ಕಿ (ಯುನಿಕೋಡ್ ಅಲ್ಲದ) ಅಕ್ಷರದಲ್ಲಿ ಟೈಪ್ ಮಾಡಿದ್ದಕ್ಕೆ ಇದನ್ನು ಹಾಕಿದರೆ ಕನ್ನಡವೆಲ್ಲಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗುತ್ತದೆ. ಅದು ಬದಲಿಸಿದರೆ ಸರಿಯಾಗುವ ಮಾತು. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಇಂಗ್ಲಿಷ್ ಪುಟದಲ್ಲಿ ಹೆಸರು ಅಷ್ಟು ಚೆಂದ ಬಳುಕುತ್ತದೆ, ಪಕ್ಕದ ಕನ್ನಡ ಪುಟದಲ್ಲಿ ಅದೇ ಹೆಸರು ನೋಟೀಸಿನ ಅಕ್ಷರದಲ್ಲಿ ನಿಂತಿರುತ್ತದೆ. ಇದು ಸರಿ ಅನಿಸಲಿಲ್ಲ.

ಹಾಗಾಗಿ 2 ವರ್ಷದಿಂದ ಕನ್ನಡದ ಹೆಸರನ್ನು ಬೋರ್ಡ್ ಬರೆಯುವ ಹಿರಿಯರೊಬ್ಬರ ಕೈಯಲ್ಲಿ ಬ್ರಷ್‌ನಿಂದಲೇ ಬರೆಸುತ್ತೇನೆ. ಸ್ಕ್ಯಾನ್ ಮಾಡಿ ಕೋರಲ್‌ನಲ್ಲಿ ಟ್ರೇಸ್ ಮಾಡುತ್ತೇನೆ. ಮೊನ್ನೆ ‘ಸ್ಫೂರ್ತಿ’ ಅಂತ ಬರೆಯಬೇಕಿತ್ತು. ಗ್ರೇಟ್ ವೈಬ್ಸ್‌ನಲ್ಲಿ ಬಳುಕು ಹೆಸರಿನ ಮೊದಲ ಅಕ್ಷರದಲ್ಲಿರುತ್ತದೆ. ಅವರು ಅದನ್ನು ಫ ಒತ್ತಿಗೂ ಅರ್ಕಾವತ್ತಿಗೂ ತಂದರು. ಒತ್ತಿನ ಬಾಲವನ್ನು ಕೆಳಗಿನಿಂದ ಎಡಕ್ಕೆ ಎಳೆದರು, ಅರ್ಕಾವತ್ತಿನ ತುದಿಯನ್ನು ಬಲಕ್ಕೆ ಮೇಲೆತ್ತಿ ಬಿಟ್ಟರು. ಹುಡುಗಿಯ ತಂದೆ ಎರಡೂ ಪುಟ ನೋಡಿ, ದೇವರ ಮುಂದೆ ಇಡುವ ಮೊದಲ ಪತ್ರಿಕೆಯ ಕನ್ನಡದ ಪುಟವನ್ನು ಮೇಲೆ ಬರುವ ಹಾಗೆ ಮಡಿಸಿಕೊಡಿ ಎಂದರು.

ಫಾಂಟಿಗೆ 5ಕ್ಕೆ 4 ಅಂಕ ಕೊಡುತ್ತೇನೆ. 24 ಪಾಯಿಂಟಿಗಿಂತ ಕೆಳಗೆ ಇಳಿಸಬೇಡಿ.