ಬೆಳಕೋ, ಹೊಡೆತವೋ? ಗ್ಯಾಲಕ್ಸಿಯ ನಟ್ಟನಡುವಿನ ಅನಿಲಕ್ಕೆ ಎರಡು ಮಾಡೆಲ್‌ ಓಡಿಸಿ ನೋಡಿದ್ದು

ನಡುವಿನ ಕಪ್ಪು ಕುಳಿ ಚುರುಕಾಗಿರುವ ಸೈಫರ್ಟ್ ಗ್ಯಾಲಕ್ಸಿಯ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣಕ್ಕೆ ಬಿಡಿಸಿದ ಪಟ್ಟಿ, ತೆಗೆದರೆ ಮೊದಲು ಕಣ್ಣಿಗೆ ಬೀಳುವುದು 5007 ಆಂಗ್‌ಸ್ಟ್ರಾಮ್‌ ತರಂಗಾಂತರದ ಹತ್ತಿರ ನೆಟ್ಟಗೆ ಎದ್ದು ನಿಂತ ಗೆರೆ. ಎರಡು ಇಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್‌ನ ಗೆರೆ ಅದು. ಪಕ್ಕದಲ್ಲೇ ಇರುವ ಹೈಡ್ರೋಜನ್ ಬೀಟಾ ಗೆರೆಗಿಂತ ಹತ್ತು ಪಟ್ಟು ಜೋರಾಗಿರುವುದೂ ಉಂಟು. ಹೈಡ್ರೋಜನ್‌ನ ಇಲೆಕ್ಟ್ರಾನ್ ಕೀಳಲು 13.6 ಇಲೆಕ್ಟ್ರಾನ್ ವೋಲ್ಟ್ ಸಾಕು, ಆಕ್ಸಿಜನ್‌ನ ಎರಡನೆಯದಕ್ಕೆ 35 ಬೇಕು. ಈ ಶಕ್ತಿ ಕೊಟ್ಟವರು ಯಾರು? ಕಪ್ಪು ಕುಳಿಯ ಸುತ್ತಲಿನ ಬಿಸಿ ಅನಿಲದ ತಟ್ಟೆಯಿಂದ ಬರುವ ಅಲ್ಟ್ರಾವೈಲೆಟ್, ಎಕ್ಸ್-ರೇ ಬೆಳಕು ಅನ್ನುತ್ತೆ ಒಂದು ಪಕ್ಷ. ಕಪ್ಪು ಕುಳಿಯ ಬಳಿಯಿಂದ ಚಿಮ್ಮುವ ಜೆಟ್ ಬಂದು ಅನಿಲಕ್ಕೆ ಡಿಕ್ಕಿ ಹೊಡೆದಾಗ ಏಳುವ ಶಾಕ್ ಅಲೆ ಅನ್ನುತ್ತೆ ಇನ್ನೊಂದು.

ಚಿಕ್ಕಬಳ್ಳಾಪುರದಲ್ಲಿ ರಜೆ ದಿನ ಸೇರುವ ನಮ್ಮ ಗುಂಪಿನಲ್ಲಿ ಈ ಜಗಳ ಮುಗಿಯುತ್ತಲೇ ಇರಲಿಲ್ಲ. ಗೌರಿಬಿದನೂರು ಕಡೆಯ ಹುಡುಗರು ಶಾಕ್ ಪಕ್ಷ. ಊರ ಹತ್ತಿರದ ರೇಡಿಯೋ ಆಂಟೆನಾ ಬಯಲು ನೋಡುತ್ತಾ ಬೆಳೆದವರು, ಸೂರ್ಯನ ಸ್ಫೋಟದಿಂದ ಹೊರಟ ಶಾಕ್ ಅಲೆಯನ್ನು ರೇಡಿಯೋದಲ್ಲಿ ಹಿಡಿಯುತ್ತಾರೆ ಅಂತ ಚೆನ್ನಾಗಿ ಗೊತ್ತಿರುವವರು. ಬಾಯಿ ಮಾತಿನ ಜಗಳ ಸಾಕಾಗಿ ಎರಡೂ ಮಾಡೆಲ್‌ನ ಅಂಕಿಗಳನ್ನು ಸ್ಲೋನ್ ಅನ್ನುವ ಆಕಾಶ ಸರ್ವೆಯ ಉಚಿತ ರೋಹಿತಗಳ ಪಕ್ಕ ಇಟ್ಟು ನೋಡಿದೆ.

ಮೊದಲು ಬೆಳಕಿನ ಪಕ್ಷ. ಇದಕ್ಕೆ ಕ್ಲೌಡಿ ಅನ್ನುವ ಪ್ರೋಗ್ರಾಮ್ ಇದೆ, ಗ್ಯಾರಿ ಫರ್‌ಲ್ಯಾಂಡ್ 1978ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಶುರು ಮಾಡಿದ್ದು, ಪುಕ್ಕಟೆ ಸಿಗುತ್ತೆ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಬೆಳಕಿನ ಬಗೆ, ಅನಿಲದ ಸಾಂದ್ರತೆ, ಒಂದು ಹೈಡ್ರೋಜನ್ ಪರಮಾಣುವಿಗೆ ಎಷ್ಟು ಫೋಟಾನ್ ಅನ್ನುವ ಅನುಪಾತ, ಇಷ್ಟು ಕೊಟ್ಟರೆ ಗೆರೆಗಳ ಪಟ್ಟಿ ಬರುತ್ತೆ. ಘನ ಸೆಂಟಿಮೀಟರಿಗೆ 1000 ಪರಮಾಣು, ಅನುಪಾತ ನೂರರಲ್ಲೊಂದು ಪಾಲಿಗಿಂತ ತುಸು ಕಡಿಮೆ ಇಟ್ಟೆ. 5007 ಗೆರೆ ಬೀಟಾದ ಹತ್ತು ಪಟ್ಟಿನ ಆಸುಪಾಸಿಗೆ ಬಂದು ನಿಂತಿತು. ಯಾವ ಕಸರತ್ತೂ ಬೇಕಾಗಲಿಲ್ಲ. ಅನಿಲದ ಉಷ್ಣತೆ ಹತ್ತು ಸಾವಿರ ಡಿಗ್ರಿ ಚಿಲ್ಲರೆ, ಅಷ್ಟೇ.

ಶಾಕ್ ಪಕ್ಷಕ್ಕೆ ಮ್ಯಾಪಿಂಗ್ಸ್ ಅನ್ನುವ ಪ್ರೋಗ್ರಾಮ್. ಸೆಕೆಂಡಿಗೆ 100ರಿಂದ 1000 ಕಿಲೋಮೀಟರ್ ವೇಗದವರೆಗೆ ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕಗಳಿವೆ, ಹಾಗಾಗಿ ಹುಡುಕಿ ತೆಗೆದುಕೊಳ್ಳುವುದಷ್ಟೇ ಕೆಲಸ. 300 ಕಿಲೋಮೀಟರ್ ವೇಗದ ಶಾಕ್ ಹಿಂದಿನ ಅನಿಲ ಹನ್ನೆರಡು ಲಕ್ಷ ಡಿಗ್ರಿಯ ಹತ್ತಿರ ಕಾಯುತ್ತೆ. ಆದರೆ ಬರೀ ಶಾಕ್ ತೆಗೆದುಕೊಂಡರೆ 5007 ಸಾಲುವುದಿಲ್ಲ, ರೋಹಿತ ಸೈಫರ್ಟ್ ಥರ ಅಲ್ಲ, ಲೈನರ್ ಅನ್ನುವ ಮಂಕು ಬಗೆಯ ಗ್ಯಾಲಕ್ಸಿ ಥರ ಕಾಣುತ್ತೆ. ಕಾದ ಅನಿಲವೇ ಸೂಸುವ ಅಲ್ಟ್ರಾವೈಲೆಟ್ ಮುಂದೆ ಹೋಗಿ, ಶಾಕ್ ಇನ್ನೂ ಮುಟ್ಟದ ಅನಿಲವನ್ನು ಅಯಾನು ಮಾಡುವ ಭಾಗವನ್ನೂ ಸೇರಿಸಿದರೆ ಮಾತ್ರ ಸೈಫರ್ಟ್ ಸಾಲಿಗೆ ಬರುತ್ತೆ. ಅಂದರೆ ಶಾಕ್ ಪಕ್ಷವೂ ಗೆಲ್ಲುವುದು ಬೆಳಕಿನ ಕೈ ಹಿಡಿದೇ, ಅಲ್ವಾ?

ಇಲ್ಲಿಯವರೆಗೆ ಎರಡಕ್ಕೂ ಸಮ. ಬಾಲ್ಡ್‌ವಿನ್, ಫಿಲಿಪ್ಸ್, ಟರ್ಲೆವಿಚ್ 1981ರಲ್ಲಿ ಕೊಟ್ಟ, ಗೆರೆಗಳ ಅನುಪಾತದ ಪ್ರಸಿದ್ಧ ನಕ್ಷೆಯಲ್ಲಿ ಎರಡೂ ಮಾಡೆಲ್ ಒಂದೇ ಜಾಗದಲ್ಲಿ ಕೂರುತ್ತವೆ. ನಕ್ಷತ್ರ ಹುಟ್ಟುವ ಗ್ಯಾಲಕ್ಸಿಯಿಂದ ಕಪ್ಪು ಕುಳಿಯ ಗ್ಯಾಲಕ್ಸಿಯನ್ನು ಬೇರೆ ಮಾಡಲು ಅದು ಒಳ್ಳೆಯದು, ಈ ಜಗಳ ಬಿಡಿಸಲು ಆಗದು. ನಾನು ಜಾಸ್ತಿ ಹೊತ್ತು ಕೂತದ್ದು 4363ರ ಸಣ್ಣ ಗೆರೆ ಮೇಲೆ. ಅದೂ ಅದೇ ಆಕ್ಸಿಜನ್‌ನದೇ, ಆದರೆ 5007ರ ಮೆಟ್ಟಿಲಿಗಿಂತ ಎರಡರಷ್ಟು ಎತ್ತರದಿಂದ ಇಳಿಯುವುದು. ಅಷ್ಟು ಮೇಲಕ್ಕೆ ಏರಿಸಲು ಬಿಸಿ ಇಲೆಕ್ಟ್ರಾನ್ ಬೇಕು, ಹಾಗಾಗಿ ಇದು ಥರ್ಮಾಮೀಟರ್ ಇದ್ದಂತೆ. ಒಳ್ಳೆಯ ರೋಹಿತದಲ್ಲೂ ಹೈಡ್ರೋಜನ್ ಗಾಮಾದ ಮಗ್ಗುಲಲ್ಲಿ ಸಣ್ಣ ಉಬ್ಬಿನಂತೆ ಕಾಣುತ್ತೆ, ಹಿನ್ನೆಲೆಯ ನಕ್ಷತ್ರಗಳ ಬೆಳಕನ್ನು ಸರಿಯಾಗಿ ಕಳೆಯದಿದ್ದರೆ ಅದೂ ಮಾಯ. ಕ್ಲೌಡಿ ಕೊಟ್ಟ 4363 ನಿಜವಾದ ರೋಹಿತಕ್ಕಿಂತ ಕಡಿಮೆ ಬಂತು. ಶಾಕ್ ಕೋಷ್ಟಕದಲ್ಲಿ ಸಲೀಸಾಗಿ ಜಾಸ್ತಿ. ಹುಡುಗರು ಕುಣಿದಾಡಿದರು.

ಆದರೆ ಸಾಂದ್ರತೆ ಏರಿಸಿ ನೋಡಿ. ಘನ ಸೆಂಟಿಮೀಟರಿಗೆ ಹತ್ತು ಲಕ್ಷದ ಹತ್ತಿರ ಹೋದರೆ 5007 ಗೆರೆ ಡಿಕ್ಕಿಗಳಲ್ಲೇ ಶಕ್ತಿ ಕಳೆದುಕೊಂಡು ಸೊರಗುತ್ತೆ, 4363 ಮಾತ್ರ ಇನ್ನೂ ಗಟ್ಟಿ ನಿಲ್ಲುತ್ತೆ. ಕಪ್ಪು ಕುಳಿಗೆ ಹತ್ತಿರ ಅಂಥ ದಟ್ಟ ಮೋಡಗಳು ಸ್ವಲ್ಪ ಇದ್ದರೂ ಲೆಕ್ಕ ಸರಿಹೋಗುತ್ತೆ. ಬರೀ ಈ ಒಂದು ಗೆರೆ ನಂಬಿ ಶಾಕ್ ಅನ್ನುವುದು ಸರಿಯಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ.

ಬೆಳಕಿನ ಪಕ್ಷಕ್ಕೆ ನನ್ನನ್ನು ಎಳೆದದ್ದು ಹ್ಯಾನಿಯ ವೋರ್ವರ್ಪ್. 2007ರಲ್ಲಿ ಡಚ್ ಶಾಲಾ ಶಿಕ್ಷಕಿ ಹ್ಯಾನಿ ಫಾನ್ ಆರ್ಕೆಲ್ ಗುರುತಿಸಿದ ಹಸಿರು ಅನಿಲದ ಮೋಡ ಅದು. ಐಸಿ 2497 ಗ್ಯಾಲಕ್ಸಿಯಿಂದ ಸಾವಿರಾರು ಜ್ಯೋತಿರ್ವರ್ಷ ಆಚೆ ಇದೆ, ಗೆರೆಗಳು ಸಪೂರ, ಅಂದರೆ ಅನಿಲ ಶಾಂತ, ಆದರೂ ಹೀಲಿಯಂನ 4686 ಗೆರೆ ಜೋರು. ಅದಕ್ಕೆ 54.4 ಇಲೆಕ್ಟ್ರಾನ್ ವೋಲ್ಟ್ ಬೇಕು. ಡಿಕ್ಕಿಯ ಗುರುತೇ ಇಲ್ಲದ ಕಡೆ ಅಷ್ಟು ಶಕ್ತಿ ಬೆಳಕಿನಿಂದಲ್ಲದೆ ಇನ್ನೆಲ್ಲಿಂದ ಬರಬೇಕು?

ಹಾಗಂತ ಶಾಕ್ ತಳ್ಳಿಹಾಕುವಂತಿಲ್ಲ. ರೇಡಿಯೋ ಜೆಟ್ ಹಾದುಹೋಗುವ ಜಾಗದಲ್ಲಿ ಗೆರೆಗಳು ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗ ತೋರುವಷ್ಟು ಅಗಲವಾಗಿ, ಅಗಲವಾದಲ್ಲೆಲ್ಲ ಗೆರೆಗಳ ಅನುಪಾತಗಳೂ ಜೊತೆಗೇ ಬದಲಾದರೆ ಅಲ್ಲಿ ಶಾಕ್ ಮಾಡೆಲ್ಲೇ ಸರಿ. ಸ್ಲೋನ್‌ನ ಒಂಟಿ ಫೈಬರ್ ರೋಹಿತದಲ್ಲಿ ಇದು ಕಾಣುವುದಿಲ್ಲ, ಎಲ್ಲಾ ಕಲಸಿಹೋಗಿರುತ್ತೆ. ಅದಕ್ಕೆ ಸ್ಲೋನ್‌ನದೇ ಮಾಂಗಾ ಅನ್ನುವ ಸರ್ವೆಯ ದತ್ತಾಂಶ ತೆಗೆದುಕೊಳ್ಳಿ, ಹತ್ತು ಸಾವಿರದಷ್ಟು ಗ್ಯಾಲಕ್ಸಿಗಳಿಗೆ ಜಾಗ ಜಾಗಕ್ಕೂ ಬೇರೆ ರೋಹಿತ ಸಿಗುತ್ತೆ. ಹೊಸಬರು ಕ್ಲೌಡಿಯಿಂದ ಶುರು ಮಾಡಿ, ಗೆರೆಯ ಅಗಲ ಅಳೆದ ಮೇಲೆಯೇ ಶಾಕ್ ಕೋಷ್ಟಕ ತೆರೆಯಿರಿ.